ಬಯೋಚಾರ್ ಅರೆದು ನುಣುಪಾದ ಕಾರ್ಬನ್ ಪುಡಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡಮರದ ಇದ್ದಿಲನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕದ ಪುಡಿ ಮಾಡಲು ಹೊರಟವರು ಮೊದಲು ಕೇಳುವುದು, ಯಾವ ಮಿಲ್ ತಗೊಳ್ಳಲಿ ಅಂತ. ಅದಕ್ಕೂ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆಗಳು ಎರಡಿವೆ. ಪುಡಿ ಯಾವ ಕೆಲಸಕ್ಕೆ ಬೇಕು? ಇದ್ದಿಲನ್ನು ಎಷ್ಟು ಬಿಸಿಯಲ್ಲಿ ಸುಟ್ಟಿದ್ದಾರೆ? ಇವೆರಡು ಗೊತ್ತಾದರೆ ಮಿಲ್ ಆರಿಸುವುದು ಸುಲಭ. ಗೊತ್ತಿಲ್ಲದಿದ್ದರೆ ಎಂಥ ಒಳ್ಳೆಯ ಮಿಲ್ ಇದ್ದರೂ ಕರೆಂಟು ದಂಡ. ಹಾಗಾಗಿ ಇಲ್ಲಿ ಮಿಲ್ ವಿಷಯಕ್ಕೆ ಸ್ವಲ್ಪ ತಡವಾಗಿ ಬರುತ್ತೇನೆ.

ಬಯೋಚಾರ್ ಅಂದರೆ ಮಾಮೂಲಿ ಇದ್ದಿಲೇ ಅಲ್ವಾ?

ಹುಟ್ಟು ಒಂದೇ. ಕಟ್ಟಿಗೆ, ಚಿಪ್ಪು, ಹೊಟ್ಟು, ಬಿದಿರು, ದಂಟು ಯಾವುದನ್ನಾದರೂ ಗಾಳಿ ಸಿಗದ ಹಾಗೆ ಮುಚ್ಚಿ ಬಿಸಿ ಮಾಡಿದರೆ ಆವಿ ಮತ್ತು ಡಾಂಬರು ಹೊರಗೆ ಹೋಗಿ ಕಾರ್ಬನ್ ಉಳಿಯುತ್ತದೆ. ಈ ಕೆಲಸಕ್ಕೆ ಪೈರೋಲಿಸಿಸ್ ಎನ್ನುತ್ತಾರೆ. ಒಣಗಿದ 1 ಕಿಲೋ ಕಟ್ಟಿಗೆಯನ್ನು 450–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಸುಟ್ಟರೆ ಸುಮಾರು 250ರಿಂದ 350 ಗ್ರಾಂ ಇದ್ದಿಲು ಸಿಗುತ್ತದೆ. ಒಲೆಗೆ ಬೇಕಾದ ಇದ್ದಿಲಿನಲ್ಲಿ ಅದು ಚೆನ್ನಾಗಿ ಉರಿದರೆ ಸಾಕು. ಬಯೋಚಾರ್‌ನಲ್ಲಿ ಕಾರ್ಬನ್ ಎಷ್ಟು ಗಟ್ಟಿಯಾಗಿ ನಿಂತಿದೆ, ಬೂದಿ ಎಷ್ಟು, ಡಾಂಬರಿನ ಉಳಿಕೆ ಎಷ್ಟು ಅಂತ ನೋಡುತ್ತಾರೆ. ಯುರೋಪಿನ ಬಯೋಚಾರ್ ಪ್ರಮಾಣಪತ್ರದ ನಿಯಮದಲ್ಲಿ ಹೈಡ್ರೋಜನ್ ಮತ್ತು ಸಾವಯವ ಕಾರ್ಬನ್‌ನ ಪರಮಾಣು ಅನುಪಾತ 0.7ಕ್ಕಿಂತ ಕಡಿಮೆ ಇರಬೇಕು ಎಂದಿದೆ. ಅರೆಯುವವರಿಗೂ ಈ ಅಂಕಿ ಉಪಯೋಗಕ್ಕೆ ಬರುತ್ತದೆ. ಅನುಪಾತ ಜಾಸ್ತಿ ಇದ್ದರೆ ಇದ್ದಿಲು ಪೂರ್ತಿ ಬೆಂದಿಲ್ಲ, ಮಿಲ್‌ನಲ್ಲಿ ಅಂಟುವ ಸಾಧ್ಯತೆ ಹೆಚ್ಚು.

ಎಷ್ಟು ನುಣುಪು ಬೇಕು ಅಂತ ನಿರ್ಧರಿಸುವುದು ಹೇಗೆ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಮಣ್ಣಿಗೆ ಹಾಕುವ ಬಯೋಚಾರ್ ಕೆಲವು ಮಿಲಿಮೀಟರ್ ಇದ್ದರೂ ನಡೆಯುತ್ತದೆ. ಅದನ್ನು ಮೈಕ್ರಾನ್‌ಗೆ ಇಳಿಸಿದರೆ ಗಾಳಿಗೆ ಹಾರಿಹೋಗುತ್ತದೆ ಅಷ್ಟೆ. ಸಿಮೆಂಟಿಗೆ ಬೆರೆಸುವುದಾದರೆ ಸಿಮೆಂಟ್ ಕಣದಷ್ಟೇ, ಅಂದರೆ ಬಹುಪಾಲು 100 ಮೈಕ್ರಾನ್ ಒಳಗಿದ್ದರೆ ಸಾಕು. ನೀರು ಶುದ್ಧ ಮಾಡುವ ಪುಡಿ ಕಾರ್ಬನ್ನಿಗೆ 325 ಮೆಶ್ ಜರಡಿ, ಅಂದರೆ 45 ಮೈಕ್ರಾನ್ ಕಣ್ಣಿನ ಜರಡಿ, ಸಾಮಾನ್ಯ ಅಳತೆಗೋಲು. ಪುಡಿಯ ಬಹುಪಾಲು ಅದರಲ್ಲಿ ಇಳಿಯಬೇಕು. ಶಾಯಿ, ಬಣ್ಣಗಳಿಗೆ 5 ಮೈಕ್ರಾನ್‌ಗಿಂತ ದೊಡ್ಡ ಕಣ ಸಿಕ್ಕರೆ ಗೆರೆ ಬೀಳುತ್ತದೆ. ರಬ್ಬರಿಗೆ ಬಲ ಬರಬೇಕಾದರೆ ಕಣ ಇನ್ನೂ ಸಣ್ಣದಿರಬೇಕು, 1 ಮೈಕ್ರಾನ್‌ಗಿಂತ ಕೆಳಗೆ ಹೋದಷ್ಟೂ ಒಳ್ಳೆಯದು.

ನುಣುಪಾದಷ್ಟೂ ಒಳ್ಳೆಯದು ಎನ್ನುವ ನಂಬಿಕೆ ತಪ್ಪು ಅನ್ನುವುದಕ್ಕೆ ಸೋಡಿಯಂ ಅಯಾನ್ ಬ್ಯಾಟರಿಯೇ ಉದಾಹರಣೆ. ಅದರ ಆನೋಡಿಗೆ, ಅಂದರೆ ಋಣ ಧ್ರುವಕ್ಕೆ, ಬಳಸುವ ಹಾರ್ಡ್ ಕಾರ್ಬನ್ (ಎಷ್ಟು ಕಾಸಿದರೂ ಗ್ರಾಫೈಟ್ ಆಗದ ಕಾರ್ಬನ್) ಎಷ್ಟೋ ಸಲ ಗಿಡಮೂಲದ್ದೇ. ಅಲ್ಲಿ ಕಣವನ್ನು ಬೇಕೆಂದೇ ಕೆಲವು ಮೈಕ್ರಾನ್ ಗಾತ್ರದಲ್ಲಿ ಉಳಿಸುತ್ತಾರೆ. ಕಣ ತೀರಾ ಸಣ್ಣದಾದರೆ ಹೊರಮೈ ಹೆಚ್ಚುತ್ತದೆ. ಮೊದಲ ಸಲ ಚಾರ್ಜ್ ಮಾಡುವಾಗ ಆ ಮೈಮೇಲೆ ಪದರ ಕಟ್ಟುವುದಕ್ಕೇ ಸೋಡಿಯಂ ಖರ್ಚಾಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಖರ್ಚಿನ ಲೆಕ್ಕವೂ ಇದೆ. 1867ರಲ್ಲಿ ಆಸ್ಟ್ರಿಯಾದ ಗಣಿ ಇಂಜಿನಿಯರ್ ರಿಟ್ಟಿಂಗರ್ ಹೇಳಿದ ನಿಯಮ ಸರಳ: ಅರೆಯಲು ಬೇಕಾಗುವ ಶಕ್ತಿ, ಹೊಸದಾಗಿ ಹುಟ್ಟುವ ಮೇಲ್ಮೈಗೆ ತಕ್ಕಷ್ಟು. ಆ ಲೆಕ್ಕದಲ್ಲಿ 100 ಮೈಕ್ರಾನ್ ಕಣವನ್ನು 50ಕ್ಕೆ ಇಳಿಸಲು ಒಂದು ಪಾಲು ಶಕ್ತಿ ಹಿಡಿದರೆ, 10 ಮೈಕ್ರಾನನ್ನು 5ಕ್ಕೆ ಇಳಿಸಲು ಹತ್ತು ಪಾಲು ಬೇಕು. ಎರಡರಲ್ಲೂ ಮಾಡಿದ್ದು ಅರ್ಧವೇ. ಆದರೂ ಕರೆಂಟು ಹತ್ತು ಪಟ್ಟು. ಗುರಿಯನ್ನು 10 ಮೈಕ್ರಾನ್ ಅಂತ ಬರೆದುಕೊಳ್ಳುವುದೋ 5 ಅಂತಲೋ ಎನ್ನುವುದು ಸಣ್ಣ ಆಯ್ಕೆ ಅಲ್ಲ.

ಯಾವ ಗಿಡದ ಇದ್ದಿಲು ಅರೆಯಲು ಒಳ್ಳೆಯದು?

ಬೂದಿ ಕಡಿಮೆ ಇರುವುದು. ಗಟ್ಟಿಮರದ ಇದ್ದಿಲಿನಲ್ಲಿ ಬೂದಿ ನೂರಕ್ಕೆ ಕೆಲವೇ ಪಾಲು. ತೆಂಗಿನ ಕರಟದ ಇದ್ದಿಲಿನಲ್ಲೂ ಬೂದಿ ಕಡಿಮೆ. ಆದರೆ ಅದು ಗಟ್ಟಿ, ಪುಡಿಯಾಗಲು ಹೊತ್ತು ಹಿಡಿಯುತ್ತದೆ. ಮೆತ್ತನೆ ಮರದ್ದು ಬೇಗ ಪುಡಿಯಾಗುತ್ತದೆ.

ಭತ್ತದ ಹೊಟ್ಟಿನ ಕಥೆ ಬೇರೆ. ಸುಡುವ ಮೊದಲೇ ಹೊಟ್ಟಿನಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ ಇರುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಸುಟ್ಟಾಗ ಮಿಕ್ಕದ್ದು ಹಾರಿಹೋಗಿ ಬೂದಿ ಉಳಿಯುವುದರಿಂದ ಇದ್ದಿಲಿನಲ್ಲಿ ಅದರ ಪಾಲು ನೂರಕ್ಕೆ 40ರ ಆಸುಪಾಸಿಗೆ ಏರುತ್ತದೆ. ಅಂದರೆ ನೀವು ಅರೆಯುತ್ತಿರುವುದು ಅರ್ಧ ಕಾರ್ಬನ್, ಅರ್ಧ ಗಾಜಿನಂಥ ಸಿಲಿಕಾ. ಅದು ಮಿಲ್‌ನ ಜಾಡಿಯನ್ನೂ ಅದರೊಳಗೆ ಅರೆಯುವ ಗುಂಡುಗಳನ್ನೂ ಸವೆಸುತ್ತದೆ. ಸವೆದ ಲೋಹ ಪುಡಿಗೇ ಸೇರುತ್ತದೆ. ರಬ್ಬರಿಗೆ ಈ ಸಿಲಿಕಾ ಕೆಲವೊಮ್ಮೆ ಅನುಕೂಲವೇ. ಶುದ್ಧ ಕಾರ್ಬನ್ ಬೇಕಾದವರು ಮಾತ್ರ ಹೊಟ್ಟಿನ ಇದ್ದಿಲನ್ನು ಬಿಸಿ ಕ್ಷಾರದ ನೀರಿನಲ್ಲಿ ತೊಳೆದು ಸಿಲಿಕಾ ಕರಗಿಸಿ ತೆಗೆಯಬೇಕು. ಬೇರೆ ಇದ್ದಿಲುಗಳ ಪೊಟ್ಯಾಸಿಯಂ, ಕ್ಯಾಲ್ಸಿಯಂ ಉಪ್ಪುಗಳಿಗೆ ತೆಳು ಆಮ್ಲದ ತೊಳೆತ ಸಾಕಾಗುತ್ತದೆ.

ಎಷ್ಟು ಬಿಸಿಯಲ್ಲಿ ಸುಟ್ಟ ಇದ್ದಿಲು ಚೆನ್ನಾಗಿ ಪುಡಿಯಾಗುತ್ತದೆ?

500ರಿಂದ 700 ಡಿಗ್ರಿ ಸೆಲ್ಸಿಯಸ್ ಮಧ್ಯೆ ಸುಟ್ಟದ್ದು. 300–350ರಲ್ಲಿ ಇಳಿಸಿದ ಇದ್ದಿಲಿನಲ್ಲಿ ಡಾಂಬರು ಉಳಿದಿರುತ್ತದೆ, ನಾರಿನ ಗುಣವೂ ಪೂರ್ತಿ ಹೋಗಿರುವುದಿಲ್ಲ. ಮಿಲ್‌ನಲ್ಲಿ ಹಾಕಿದರೆ ಬಿಸಿಗೆ ಮೆತ್ತಗಾಗಿ ಗುಂಡುಗಳಿಗೆ ಮೆತ್ತಿಕೊಳ್ಳುತ್ತದೆ. ಅದೇ 1000 ಡಿಗ್ರಿ ದಾಟಿಸಿದರೆ ಕಾರ್ಬನ್ ಗಟ್ಟಿಯಾಗಿ, ಅರೆಯುವ ಸಾಮಾನನ್ನೇ ಸವೆಸುವ ಮಟ್ಟಕ್ಕೆ ಹೋಗುತ್ತದೆ. ಅಷ್ಟು ಬಿಸಿ ಬೇಕೇ ಬೇಕು ಎನ್ನುವ ಕೆಲಸಗಳಲ್ಲಿ ಮೊದಲು 500–600ರಲ್ಲಿ ಸುಟ್ಟು, ಅರೆದು, ಆಮೇಲೆ ಎರಡನೇ ಸಲ ಬಿಸಿ ಮಾಡುವುದು ಜಾಣತನ.

ಕೈಯಲ್ಲೇ ನೋಡುವ ಪರೀಕ್ಷೆ ಒಂದಿದೆ. ಬೆರಳುದ್ದದ ಚೂರು ತಗೊಂಡು ಮುರಿಯಿರಿ. ಚೆನ್ನಾಗಿ ಬೆಂದದ್ದು ಟಕ್ ಎಂದು ಮುರಿಯುತ್ತದೆ, ಮುರಿದ ಮುಖ ಹೊಳೆಯುತ್ತದೆ. ಗಟ್ಟಿ ನೆಲದ ಮೇಲೆ ಬೀಳಿಸಿದರೆ ಲೋಹದ ಹಾಗೆ ಕಿಣಿಕಿಣಿ ಸದ್ದು ಬರುತ್ತದೆ. ಅರೆಬೆಂದದ್ದು ಬಾಗಿ ಸೀಳುತ್ತದೆ, ಮುಖ ಕಂದು ಛಾಯೆಯಲ್ಲಿರುತ್ತದೆ, ಮೂಗಿಗೆ ಹೊಗೆ ವಾಸನೆ ಹೊಡೆಯುತ್ತದೆ. ಎರಡನೆಯದನ್ನು ಮಿಲ್‌ಗೆ ಹಾಕಬೇಡಿ.

ಒಣಗಿಸಲೇಬೇಕಾ? ನೋಡಲು ಒಣಗಿಯೇ ಇದೆಯಲ್ಲ?

ಒಣಗಿಸಲೇಬೇಕು. ಇದ್ದಿಲಿನ ತುಂಬ ರಂಧ್ರಗಳೇ, ತೆರೆದಿಟ್ಟರೆ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಆ ತೇವ ಅರೆಯುವಾಗ ಹೊರಬಂದು ಪುಡಿಯನ್ನು ಜಾಡಿಯ ಗೋಡೆಗೆ ಅಂಟಿಸುತ್ತದೆ. 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು, ಮುಚ್ಚಿದ ಡಬ್ಬದಲ್ಲಿ ತಣಿಸಿ, ತಕ್ಷಣ ಬಳಸಿ.

ಮಿಕ್ಸಿ ಸಾಕಾಗಲ್ವಾ?

ಮೊದಲ ಹಂತಕ್ಕೆ ಸಾಕು, ಕೊನೆಯ ಹಂತಕ್ಕೆ ಸಾಲದು. ಬ್ಲೇಡ್ ದೊಡ್ಡ ಚೂರನ್ನು ಹೊಡೆದು ಒಡೆಯುತ್ತದೆ. ಕಣ ಸಣ್ಣದಾದ ಹಾಗೆ ಅದು ಬ್ಲೇಡಿನ ಗಾಳಿಯ ಜೊತೆಗೇ ಸುತ್ತುತ್ತದೆ, ಏಟು ತಿನ್ನುವುದಿಲ್ಲ. ಜರಡಿ ಹಿಡಿದರೆ ನೂರಿನ್ನೂರು ಮೈಕ್ರಾನ್ ಪುಡಿ ಸಾಕಷ್ಟು ಸಿಗುತ್ತದೆ. ಹತ್ತಿಪ್ಪತ್ತು ಮೈಕ್ರಾನ್‌ಗೆ ಇಳಿಸುತ್ತೇನೆ ಅಂತ ಹೊತ್ತುಗಟ್ಟಲೆ ಓಡಿಸುವುದರಲ್ಲಿ ಅರ್ಥವಿಲ್ಲ. ಅಪಾಯವೂ ಇದೆ: ಮಿಕ್ಸಿ ಮೋಟಾರಿನ ಬ್ರಷ್‌ನಲ್ಲಿ ಕಿಡಿ ಹಾರುತ್ತಿರುತ್ತದೆ, ಪಕ್ಕದಲ್ಲೇ ಕಾರ್ಬನ್ ಧೂಳು. ಜಾಸ್ತಿ ಮಾಲು ಇರುವವರು ಈ ಹಂತಕ್ಕೆ ತಿರುಗುವ ಸುತ್ತಿಗೆಗಳಿಂದ ಬಡಿದು ಒಡೆಯುವ ಹ್ಯಾಮರ್ ಮಿಲ್ ಬಳಸುತ್ತಾರೆ. ಹೇಗೇ ಮಾಡಿ, ಬಾಲ್ ಮಿಲ್‌ಗೆ ಹೋಗುವ ಮೊದಲು ಎಲ್ಲ ಚೂರೂ 1–2 ಮಿಲಿಮೀಟರ್ ಜರಡಿಯಲ್ಲಿ ಇಳಿದಿರಲಿ.

ಬಾಲ್ ಮಿಲ್ ಎಷ್ಟು ಜೋರಾಗಿ ತಿರುಗಬೇಕು?

ಉರುಳುವ ಜಾಡಿಯ ಒಳಗೆ ಗುಂಡುಗಳು ಗೋಡೆ ಹಿಡಿದು ಮೇಲೇರಿ, ಒಂದು ಎತ್ತರದಿಂದ ಕೆಳಗೆ ಬೀಳಬೇಕು. ಬೀಳುವ ಏಟಿಗೆ ಚೂರು ಒಡೆಯುತ್ತದೆ, ಉರುಳುವ ಉಜ್ಜಾಟಕ್ಕೆ ನುಣುಪಾಗುತ್ತದೆ. ನಿಧಾನವಾದರೆ ಗುಂಡುಗಳು ತಳದಲ್ಲೇ ಜಾರುತ್ತವೆ. ತೀರಾ ಜೋರಾದರೆ ಗೋಡೆಗೆ ಅಂಟಿಕೊಂಡು ಸುಮ್ನೆ ಜೊತೆಗೆ ಸುತ್ತುತ್ತವೆ, ಒಂದು ಕಣವೂ ಒಡೆಯುವುದಿಲ್ಲ. ಹೀಗೆ ಅಂಟಿಕೊಳ್ಳಲು ಶುರುವಾಗುವ ವೇಗವನ್ನು ಲೆಕ್ಕ ಹಾಕಬಹುದು. ಜಾಡಿಯ ಒಳವ್ಯಾಸದಿಂದ ಗುಂಡಿನ ವ್ಯಾಸ ಕಳೆಯಿರಿ, ಎರಡೂ ಮೀಟರಿನಲ್ಲಿ. ಅದರ ವರ್ಗಮೂಲದಿಂದ 42.3 ಅನ್ನು ಭಾಗಿಸಿ. ಬರುವುದು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ.

20 ಸೆಂಟಿಮೀಟರ್ ಜಾಡಿ, 2 ಸೆಂಟಿಮೀಟರ್ ಗುಂಡು ಅಂದುಕೊಳ್ಳಿ. 0.20ರಿಂದ 0.02 ಕಳೆದರೆ 0.18. ಅದರ ವರ್ಗಮೂಲ ಸುಮಾರು 0.424. ಭಾಗಿಸಿದರೆ ನಿಮಿಷಕ್ಕೆ ಸುಮಾರು 100 ಸುತ್ತು. ಮಿಲ್ ಓಡಿಸಬೇಕಾದದ್ದು ಇದರ ನೂರಕ್ಕೆ 65–75ರಲ್ಲಿ, ಅಂದರೆ 65ರಿಂದ 75 ಸುತ್ತು.

ಕಿವಿಯೂ ಒಳ್ಳೆಯ ಮೀಟರು. ಸರಿಯಾದ ವೇಗದಲ್ಲಿ ಒಳಗಿಂದ ಕಲ್ಲು ಸುರಿದ ಹಾಗೆ ಬಿಡದೆ ಸದ್ದು ಬರುತ್ತದೆ. ಸದ್ದು ಪೂರ್ತಿ ನಿಂತಿದ್ದರೆ ವೇಗ ಜಾಸ್ತಿಯಾಗಿದೆ. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಧಪ್ ಧಪ್ ಎಂದು ಮಂಕಾದರೆ ಪುಡಿ ಗೋಡೆಗೆ ಮೆತ್ತಿಕೊಂಡಿದೆ, ನಿಲ್ಲಿಸಿ ಕೆರೆಯಿರಿ.

ಗುಂಡು ಎಷ್ಟು, ಪುಡಿ ಎಷ್ಟು ಹಾಕಬೇಕು?

ಮೂರು ಪಾಲಿನ ಲೆಕ್ಕದಿಂದ ಶುರು ಮಾಡಿ. ಜಾಡಿಯ ಮೂರನೇ ಒಂದು ಗುಂಡು, ಮೂರನೇ ಒಂದು ಪುಡಿ, ಉಳಿದದ್ದು ಖಾಲಿ. ಪುಸ್ತಕಗಳಲ್ಲಿ ಗುಂಡು ಮತ್ತು ಪುಡಿಯ ತೂಕದ ಅನುಪಾತ ಕೊಟ್ಟಿರುತ್ತಾರೆ. ಅದನ್ನು ಹಾಗೇ ಎತ್ತಿಕೊಂಡರೆ ಬಯೋಚಾರ್‌ನಲ್ಲಿ ಎಡವುತ್ತೀರಿ, ಯಾಕೆಂದರೆ ಇದು ತೀರಾ ಹಗುರ. 1 ಲೀಟರ್ ಜಾಡಿಯ ಮೂರನೇ ಒಂದು ಪಾಲು ಉಕ್ಕಿನ ಗುಂಡು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅಷ್ಟೇ ಜಾಗ ಹಿಡಿಯುವ ಇದ್ದಿಲು ಪುಡಿ 100 ಗ್ರಾಂ ಇರಬಹುದು. ಅಂದರೆ ಅನುಪಾತ ತಾನಾಗಿಯೇ 15ಕ್ಕೆ 1 ಆಯಿತು. ಅದಿರು ಅರೆಯುವವರ ಅನುಪಾತ ಹಿಡಿದು ಪುಡಿ ತುಂಬಿದರೆ ಗುಂಡುಗಳು ಹೂತುಹೋಗುತ್ತವೆ.

ಗುಂಡಿನ ಗಾತ್ರ ಮೊದಲು 10–20 ಮಿಲಿಮೀಟರ್, ಆಮೇಲೆ 3–5 ಮಿಲಿಮೀಟರ್. ವ್ಯಾಸ ಅರ್ಧವಾದರೆ ಅದೇ ತೂಕದಲ್ಲಿ ಗುಂಡುಗಳ ಸಂಖ್ಯೆ ಎಂಟು ಪಟ್ಟು ಆಗುತ್ತದೆ. ನುಣುಪಾದ ಕಣಕ್ಕೆ ದೊಡ್ಡ ಏಟಿಗಿಂತ ಹೆಚ್ಚು ಏಟು ಬೇಕು.

ಯಾವ ವಸ್ತುವಿನ ಗುಂಡು?

ಉಕ್ಕು ಅಗ್ಗ, ಭಾರ, ಕೆಲಸ ಬೇಗ. ಆದರೆ ಕಬ್ಬಿಣ ಸವೆದು ಪುಡಿಗೆ ಸೇರುತ್ತದೆ. ಬ್ಯಾಟರಿ, ಎಲೆಕ್ಟ್ರೋಡ್ ಕೆಲಸದಲ್ಲಿ ಕಬ್ಬಿಣ ಶತ್ರು. ಜಿರ್ಕೋನಿಯಾ ಗುಂಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 6 ಗ್ರಾಂ, ಉಕ್ಕಿನದು 7.8. ಜಿರ್ಕೋನಿಯಾ ಸವೆಯುವುದು ತುಂಬ ಕಡಿಮೆ, ದುಡ್ಡು ಜಾಸ್ತಿ. ನನ್ನ ಮತ ಜಿರ್ಕೋನಿಯಾಕ್ಕೇ. ಅಲ್ಯುಮಿನಾ ಮಧ್ಯದ ದಾರಿ, ಆದರೆ ಹಗುರ. ಅಗೇಟ್ ಇನ್ನೂ ಹಗುರ, ಪ್ರಯೋಗಾಲಯದ ಸಣ್ಣ ಪ್ರಮಾಣಕ್ಕೆ ಸರಿ.

ಉಕ್ಕನ್ನೇ ಬಳಸಿದ್ದರೆ ಪುಡಿಯನ್ನು ನೀರಿನಲ್ಲಿ ಕಲಸಿ ಬಲವಾದ ಅಯಸ್ಕಾಂತ ಆಡಿಸಿ. ಅದರ ಮೈಗೆ ಕಪ್ಪು ಮೀಸೆ ಬೆಳೆದರೆ ಕಬ್ಬಿಣ ಇದೆ ಎಂದೇ ಅರ್ಥ. ಉಳಿದದ್ದಕ್ಕೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ನೀರಿನ ಪಿಎಚ್ ಮಾಮೂಲಿಗೆ ಬರುವ ತನಕ ಜಾಲಿಸಬೇಕು.

ಪ್ಲಾನೆಟರಿ ಮಿಲ್ ತಗೊಂಡರೆ?

ಜಾಡಿ ತನ್ನ ಸುತ್ತಲೂ ತಿರುಗುತ್ತದೆ, ಅದನ್ನು ಹೊತ್ತ ತಟ್ಟೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಏಟಿನ ಬಲ ಗುರುತ್ವಕ್ಕಿಂತ ಹತ್ತಾರು ಪಟ್ಟು. ಉರುಳುವ ಮಿಲ್‌ನಲ್ಲಿ ದಿನಗಟ್ಟಲೆ ಹಿಡಿಯುವುದು ಇದರಲ್ಲಿ ಗಂಟೆಗಳಲ್ಲಿ ಆಗುತ್ತದೆ. ಪ್ರಮಾಣ ಮಾತ್ರ ಸಣ್ಣದು, ಬಿಸಿಯೂ ಹೆಚ್ಚು. ಹತ್ತು ನಿಮಿಷ ಓಡಿಸಿ ಹತ್ತು ನಿಮಿಷ ಬಿಡುವುದು ಸಾಮಾನ್ಯ ಪದ್ಧತಿ. ಜಾಡಿ ತಣ್ಣಗಾಗದೆ ಮುಚ್ಚಳ ತೆಗೆಯಬೇಡಿ. ಈಗಷ್ಟೇ ಒಡೆದ ಕಾರ್ಬನ್ನಿನ ಹೊಸ ಮೈ ಆಮ್ಲಜನಕ ಕಂಡ ಕೂಡಲೇ ಅದನ್ನು ಹಿಡಿದುಕೊಳ್ಳುತ್ತದೆ, ಆಗ ಬಿಸಿ ಏರುತ್ತದೆ. ಪುಡಿ ಮೊದಲೇ ಬಿಸಿ ಇದ್ದರೆ ಹೊತ್ತಿಕೊಳ್ಳಬಹುದು.

ಎಷ್ಟು ಹೊತ್ತು ಅರೆದರೂ ಒಂದು ಹಂತದ ಕೆಳಗೆ ಇಳಿಯುತ್ತಿಲ್ಲ. ಯಾಕೆ?

ಎಲ್ಲರಿಗೂ ಎದುರಾಗುವ ಗೋಡೆ ಇದು. ಅರೆಯಲು ಶುರು ಮಾಡಿದಾಗ ಗಾತ್ರ ಬೇಗ ಇಳಿಯುತ್ತದೆ. ಆಮೇಲೆ ನಿಧಾನ. ಆಮೇಲೆ ನಿಂತೇ ಹೋಗುತ್ತದೆ. ಇನ್ನೂ ಓಡಿಸಿದರೆ ಅಳತೆಯಲ್ಲಿ ಕಣ ದೊಡ್ಡದಾಗಿ ಕಾಣುತ್ತದೆ!

ಕಣ ಸಣ್ಣದಾದಷ್ಟೂ ಅದರ ತೂಕ ನಗಣ್ಯವಾಗಿ, ಕಣ ಕಣದ ನಡುವಿನ ಸೆಳೆತ ಮೇಲುಗೈ ಸಾಧಿಸುತ್ತದೆ. ಗುಂಡಿನ ಪ್ರತಿ ಏಟೂ ಒಂದು ಕಡೆ ಒಡೆಯುತ್ತದೆ, ಇನ್ನೊಂದು ಕಡೆ ಒತ್ತಿ ಒಟ್ಟುಗೂಡಿಸುತ್ತದೆ. ಎರಡೂ ಸಮ ಆದ ಕಡೆ ಗಾತ್ರ ನಿಲ್ಲುತ್ತದೆ. ಮುಚ್ಚಳ ತೆಗೆದು ನೋಡಿದರೆ ಗೊತ್ತಾಗುತ್ತದೆ. ಗುಂಡುಗಳ ಮೇಲೆ ಕನ್ನಡಿಯಂತೆ ಹೊಳೆಯುವ ಕರಿ ಲೇಪ. ಜಾಡಿಯ ತಳದ ಮೂಲೆಯಲ್ಲಿ ಚಮಚಕ್ಕೆ ಬಗ್ಗದ ಗಟ್ಟಿ ಹೆಪ್ಪು. ಮಧ್ಯದಲ್ಲಿ ಒಂದಿಷ್ಟು ಸಡಿಲ ಪುಡಿ. ಹೀಗೆ ಕಂಡರೆ ಒಣ ಅರೆತ ಮುಗಿದಿದೆ ಎಂದು ತಿಳಿಯಿರಿ.

ದಾರಿಗಳಿವೆ. ಅಡುಗೆ ಉಪ್ಪನ್ನು ಜೊತೆಗೆ ಹಾಕಿ ಅರೆದರೆ ಉಪ್ಪಿನ ಕಣ ಮಧ್ಯೆ ನಿಂತು ಕಾರ್ಬನ್ ಒಂದಕ್ಕೊಂದು ಸೇರದಂತೆ ತಡೆಯುತ್ತದೆ, ಆಮೇಲೆ ನೀರಿನಲ್ಲಿ ತೊಳೆದರೆ ಹೋಗುತ್ತದೆ. ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಸ್ಟಿಯರಿಕ್ ಆಮ್ಲ ಹಾಕಿದರೂ ಅಂಟು ಕಡಿಮೆಯಾಗುತ್ತದೆ, ಆದರೆ ಅದು ಕಣದ ಮೈಮೇಲೆ ಉಳಿಯುತ್ತದೆ. 1 ಮೈಕ್ರಾನ್ ಕೆಳಗೆ ಇಳಿಯಲೇಬೇಕು ಎಂದಿದ್ದರೆ ನೇರವಾಗಿ ದ್ರವದಲ್ಲಿ ಅರೆಯುವುದಕ್ಕೆ ಬನ್ನಿ.

ದ್ರವದಲ್ಲಿ ಅರೆಯುವುದು ಹೇಗೆ?

ನೀರು, ಎಥನಾಲ್ ಅಥವಾ ಐಸೊಪ್ರೊಪನಾಲ್ ಸುರಿದು ತೆಳು ಹಿಟ್ಟಿನ ಹದಕ್ಕೆ ತನ್ನಿ. ದ್ರವ ಕಣಗಳ ನಡುವೆ ನುಗ್ಗಿ ಮತ್ತೆ ಸೇರದಂತೆ ಬಿಡಿಸಿಡುತ್ತದೆ. ಧೂಳಿನ ಕಾಟವೂ ಇಲ್ಲ. ನೀರಿನಲ್ಲಾದರೆ ಕಣಗಳನ್ನು ಚದುರಿಸಿಡುವ ರಾಸಾಯನಿಕ ಸ್ವಲ್ಪ ಬೇಕು.

ದೊಡ್ಡ ಪ್ರಮಾಣಕ್ಕೆ ಬೀಡ್ ಮಿಲ್ ಇದೆ. ಮರಳಿನಷ್ಟು ಸಣ್ಣ ಜಿರ್ಕೋನಿಯಾ ಮಣಿಗಳ ಮಧ್ಯೆ ದ್ರವವನ್ನು ಹಾಯಿಸಿ ಜೋರಾಗಿ ಕಲಕುವ ಯಂತ್ರ. ಅನುಭವಸ್ಥರ ಅಂದಾಜು ಹೀಗಿದೆ: ಮಣಿ, ಒಳಗೆ ಹೋಗುವ ದೊಡ್ಡ ಕಣದ ಹತ್ತಿಪ್ಪತ್ತು ಪಟ್ಟು ಇರಬೇಕು. ಸಿಗುವ ಕಣ ಮಣಿಯ ಸಾವಿರದ ಒಂದು ಪಾಲಿನ ಹತ್ತಿರ ಇರುತ್ತದೆ. 0.5 ಮಿಲಿಮೀಟರ್ ಮಣಿ ಹಾಕಿದರೆ ಒಳಗೆ ಹೋಗುವ ಪುಡಿ 25–50 ಮೈಕ್ರಾನ್ ಒಳಗಿರಬೇಕು, ಹೊರಗೆ ಬರುವುದು ಅರ್ಧ ಮೈಕ್ರಾನ್ ಹತ್ತಿರ. ಅಂದರೆ ಒಣ ಬಾಲ್ ಮಿಲ್ ಮತ್ತು ಬೀಡ್ ಮಿಲ್ ಒಂದಕ್ಕೊಂದು ಬದಲಿ ಅಲ್ಲ, ಒಂದರ ನಂತರ ಇನ್ನೊಂದು.

ಕಷ್ಟ ಇರುವುದು ಒಣಗಿಸುವುದರಲ್ಲಿ. ನೀರು ಆರುವಾಗ ಅದರ ಮೇಲ್ಮೈ ಸೆಳೆತ ಕಣಗಳನ್ನು ಹತ್ತಿರ ಎಳೆದು ಗಟ್ಟಿ ಬಿಲ್ಲೆ ಮಾಡಿಬಿಡುತ್ತದೆ. ಪಟ್ಟ ಶ್ರಮವೆಲ್ಲ ವ್ಯರ್ಥ. ಎಥನಾಲಿನ ಮೇಲ್ಮೈ ಸೆಳೆತ ನೀರಿನದರ ಸುಮಾರು ಮೂರನೇ ಒಂದರಷ್ಟು ಮಾತ್ರ. ಆದ್ದರಿಂದ ಕೊನೆಯಲ್ಲಿ ನೀರು ಬಸಿದು ಎಥನಾಲ್‌ನಲ್ಲಿ ತೊಳೆದು ಒಣಗಿಸಿದರೆ ಬಿಲ್ಲೆ ಮೆತ್ತಗಿರುತ್ತದೆ. ಅದಕ್ಕಿಂತ ಒಳ್ಳೆಯದು ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಝ್ ಡ್ರೈಯಿಂಗ್. ಎಲ್ಲಕ್ಕಿಂತ ಒಳ್ಳೆಯದು ಒಣಗಿಸದೇ ಇರುವುದು. ಶಾಯಿ, ಬಣ್ಣ, ಲೇಟೆಕ್ಸ್, ಸಿಮೆಂಟ್ ಇವೆಲ್ಲ ಹೇಗೂ ದ್ರವದಲ್ಲೇ ಕಲೆಸುವಂಥವು. ಹಾಗೇ ಕಳಿಸಿ, ಅಲ್ವಾ?

ಜೆಟ್ ಮಿಲ್ ಬಗ್ಗೆ ಏನು ಹೇಳುತ್ತೀರಿ?

ಒತ್ತಡದ ಗಾಳಿಯಲ್ಲಿ ಕಣಗಳನ್ನು ಒಂದಕ್ಕೊಂದು ಗುದ್ದಿಸಿ ಒಡೆಯುತ್ತದೆ. ಗುಂಡೇ ಇಲ್ಲ, ಹಾಗಾಗಿ ಕಲಬೆರಕೆ ತೀರಾ ಕಡಿಮೆ. 1ರಿಂದ 10 ಮೈಕ್ರಾನ್, ಹೆಚ್ಚು ಏರುಪೇರಿಲ್ಲದ ಗಾತ್ರ. ಕರೆಂಟು ಬಹಳ ತಿನ್ನುತ್ತದೆ. ಕಾರ್ಬನ್ನಿಗಾದರೆ ಗಾಳಿಯ ಬದಲು ನೈಟ್ರೋಜನ್ ಬಳಸುವುದು ಕ್ಷೇಮ.

ಸಿಕ್ಕಿದ ಪುಡಿ ಎಷ್ಟು ನುಣುಪು ಅಂತ ತಿಳಿಯುವುದು ಹೇಗೆ?

ಬೆರಳಲ್ಲಿ ಉಜ್ಜಿ ನೋಡಿದರೆ ತರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಆದರೆ 40 ಮೈಕ್ರಾನ್ ಪುಡಿಯೂ ಕೈಗೆ ನುಣುಪೇ. ಜರಡಿ 38–45 ಮೈಕ್ರಾನ್ ತನಕ ನಂಬಬಹುದು. ಒಣ ಕಾರ್ಬನ್ ಜರಡಿಯ ಕಣ್ಣು ಮುಚ್ಚುತ್ತದೆ, ಆದ್ದರಿಂದ ನೀರು ಹಾಯಿಸಿ ಜರಡಿ ಹಿಡಿಯಿರಿ. ಅದರ ಕೆಳಗೆ ಲೇಸರ್ ಡಿಫ್ರಾಕ್ಷನ್, ಅಂದರೆ ಕಣಗಳು ಲೇಸರ್ ಬೆಳಕನ್ನು ಚದುರಿಸುವ ರೀತಿಯಿಂದ ಗಾತ್ರ ಅಳೆಯುವ ಯಂತ್ರ, ಬೇಕು. ಅದು ಮೂರು ಅಂಕಿ ಕೊಡುತ್ತದೆ: ಡಿ10, ಡಿ50, ಡಿ90. ಡಿ50 ಅಂದರೆ ಪುಡಿಯ ಅರ್ಧ ಪಾಲು ಅದಕ್ಕಿಂತ ಸಣ್ಣದು, ಡಿ90 ಅಂದರೆ ನೂರಕ್ಕೆ 90 ಪಾಲು ಅದಕ್ಕಿಂತ ಸಣ್ಣದು. ಮಾರುವವರು ಹೇಳುವುದು ಡಿ50 ಮಾತ್ರ. ನೀವು ಕೇಳಬೇಕಾದದ್ದು ಡಿ90. ಬಣ್ಣದಲ್ಲಿ ಗೆರೆ ಎಳೆಯುವುದು, ರಬ್ಬರಿನಲ್ಲಿ ಬಿರುಕು ಶುರು ಮಾಡುವುದು ಆ ದೊಡ್ಡ ಹತ್ತು ಪಾಲೇ.

ಅಳೆಯುವ ಮೊದಲು ಅಲ್ಟ್ರಾಸೌಂಡ್ ಕೊಟ್ಟು ಗಂಟು ಬಿಡಿಸಿದ್ದಾರಾ ಅಂತಲೂ ಕೇಳಿ. ಬಿಡಿಸದಿದ್ದರೆ ಗಂಟನ್ನೇ ಕಣ ಅಂತ ಎಣಿಸಿರುತ್ತಾರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಒಂದೆರಡು ಚಿತ್ರ ಸಿಕ್ಕರೆ ಅನುಮಾನ ಬಗೆಹರಿಯುತ್ತದೆ.

ಅರೆದರೆ ಆಕ್ಟಿವೇಟೆಡ್ ಕಾರ್ಬನ್ ಆಗುತ್ತಾ?

ಆಗುವುದಿಲ್ಲ. 1 ಮೈಕ್ರಾನ್‌ನ ಗಟ್ಟಿ ಕಾರ್ಬನ್ ಗುಂಡಿನ ಹೊರಮೈ ಗ್ರಾಮಿಗೆ 3–4 ಚದರ ಮೀಟರ್ ಅಷ್ಟೆ. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಗ್ರಾಮಿಗೆ 500ರಿಂದ 1500 ಚದರ ಮೀಟರ್. ಆ ವಿಸ್ತೀರ್ಣವೆಲ್ಲ ಒಳಗಿನ ನ್ಯಾನೋಮೀಟರ್ ರಂಧ್ರಗಳದ್ದು. ಅವನ್ನು ಕೊರೆಯುವುದು 800–900 ಡಿಗ್ರಿಯ ಹಬೆ, ಕಾರ್ಬನ್ ಡೈಆಕ್ಸೈಡ್ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಂಥ ರಾಸಾಯನಿಕ.

ಹಾಗಂತ ಅರೆತದಿಂದ ಲಾಭ ಇಲ್ಲ ಎಂದಲ್ಲ. ಮುಚ್ಚಿಹೋಗಿದ್ದ ರಂಧ್ರಗಳು ತೆರೆದುಕೊಳ್ಳುತ್ತವೆ. ಅದಕ್ಕೇ ಅರೆದ ಬಯೋಚಾರ್‌ನಲ್ಲಿ ನೈಟ್ರೋಜನ್ ಹೀರಿಸಿ ಅಳೆಯುವ ಬಿಇಟಿ ವಿಸ್ತೀರ್ಣ ಸಾಕಷ್ಟು ಏರುವುದುಂಟು. ಗಾಳಿಯಲ್ಲಿ ಅರೆದಾಗ ಮೈಮೇಲೆ ಆಮ್ಲಜನಕದ ಗುಂಪುಗಳು ಕೂರುತ್ತವೆ, ಲೋಹದ ಅಯಾನು ಮತ್ತು ಬಣ್ಣಗಳನ್ನು ಹಿಡಿಯಲು ಇವು ಒಳ್ಳೆಯವು. ಕಣ ಸಣ್ಣದಾದ್ದರಿಂದ ಹೀರುವ ವೇಗವೂ ಹೆಚ್ಚು. ಆಕ್ಟಿವೇಟ್ ಮಾಡಿ ಅರೆಯಬೇಕೆಂದಿದ್ದರೆ ಕ್ರಮ ಮುಖ್ಯ: ಹಬೆಯ ವಿಧಾನದಲ್ಲಿ ಮೊದಲು ಕಾಳಿನಂಥ ಚೂರಾಗಿದ್ದಾಗಲೇ ಆಕ್ಟಿವೇಟ್ ಮಾಡಿ, ಆಮೇಲೆ ಅರೆಯಿರಿ. ನುಣುಪು ಪುಡಿಯನ್ನು ಹಬೆಗೆ ಒಡ್ಡಿದರೆ ಅದು ಹಬೆಯ ಜೊತೆಗೇ ಹೊರಟುಹೋಗುತ್ತದೆ.

ಜಾಸ್ತಿ ಅರೆದರೆ ಗ್ರಾಫೀನ್ ಬರುತ್ತದೆ ಎನ್ನುತ್ತಾರಲ್ಲ?

ನಂಬಬೇಡಿ. ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ. ಗ್ರಾಫೈಟ್ ಅರೆದು ಪದರ ಬಿಡಿಸುವುದು ಸಾಧ್ಯ, ಅಲ್ಲಿ ಪದರಗಳು ಮೊದಲೇ ಇವೆ. ಗಿಡದ ಇದ್ದಿಲಿನಲ್ಲಿ ಅಡ್ಡಾದಿಡ್ಡಿ ಹೆಣೆದುಕೊಂಡ ಸಣ್ಣ ಹಾಳೆಗಳಿವೆ. ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ 1951ರಲ್ಲೇ ಕಾರ್ಬನ್‌ಗಳನ್ನು ಎರಡಾಗಿ ವಿಂಗಡಿಸಿ ತೋರಿಸಿದರು. ಕೆಲವು ಕಾಸಿದಂತೆಲ್ಲ ಗ್ರಾಫೈಟ್ ಆಗುತ್ತವೆ, ಇನ್ನು ಕೆಲವು 3000 ಡಿಗ್ರಿಗೆ ಕಾಸಿದರೂ ಆಗುವುದಿಲ್ಲ. ಗಟ್ಟಿಮರ, ಚಿಪ್ಪುಗಳ ಇದ್ದಿಲು ಎರಡನೇ ಗುಂಪಿನದು. ಮಿಲ್‌ನ ಏಟು ಇರುವ ಅಲ್ಪಸ್ವಲ್ಪ ಶಿಸ್ತನ್ನೂ ಕೆಡಿಸುತ್ತದೆ, ಕೂಡಿಸುವುದಿಲ್ಲ.

ಕಾರ್ಬನ್ ಬ್ಲ್ಯಾಕ್ ಬದಲಿಗೆ ಬಳಸಬಹುದಾ?

ಸ್ವಲ್ಪ ಪಾಲು, ಹೌದು. ಪೂರ್ತಿ ಬದಲಿ ಅಂತ ಯಾರಾದರೂ ಮಾತು ಕೊಟ್ಟರೆ ಪರೀಕ್ಷೆ ಮಾಡಿಸಿದ ಕಾಗದ ಕೇಳಿ. ರಬ್ಬರಿಗೆ ಬಲ ಬರಲೆಂದು ಬೆರೆಸುವ ಕಾರ್ಬನ್ ಬ್ಲ್ಯಾಕ್, ಎಣ್ಣೆಯನ್ನು ಅರೆಬರೆ ಉರಿಸಿ ಆವಿಯಿಂದ ಕೂಡಿಸಿದ ಕಣ. ಮೂಲ ಕಣ ಹತ್ತಾರು ನ್ಯಾನೋಮೀಟರ್, ಗೊಂಚಲಾಗಿ ಬೆಸೆದಿರುತ್ತದೆ, ರಬ್ಬರು ಆ ಗೊಂಚಲಿನ ಸಂದಿಗೆ ಹೊಕ್ಕು ಬಲ ಪಡೆಯುತ್ತದೆ. ನಮ್ಮದು ಮೇಲಿಂದ ಒಡೆದು ಇಳಿಸಿದ್ದು, ಮೂಲೆಗಳಿರುವ ಚೂರು. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ ಮರ ಮತ್ತು ಮೆಕ್ಕೆಜೋಳದ ದಂಟಿನ ಬಯೋಚಾರನ್ನು ಬಾಲ್ ಮಿಲ್‌ನಲ್ಲಿ ಅರೆದು ರಬ್ಬರಿಗೆ ಬೆರೆಸಿ ನೋಡಿದ್ದಾರೆ. ಕಾರ್ಬನ್ ಬ್ಲ್ಯಾಕ್‌ನ ಒಂದು ಪಾಲನ್ನು ಬದಲಿಸಬಹುದು ಅನ್ನುವುದು ಇಂಥ ಕೆಲಸಗಳಿಂದ ಸಿಕ್ಕ ಒಟ್ಟು ತಿಳಿವಳಿಕೆ. ಟಯರಿನಂಥ ಜಾಗಕ್ಕಿಂತ ಚಾಪೆ, ಸೀಲು, ಪಾದರಕ್ಷೆಯ ಅಟ್ಟೆಯಂಥ ಕಡೆ ಶುರು ಮಾಡುವುದು ಒಳ್ಳೆಯದು.

ಅಪಾಯ ಎಷ್ಟಿದೆ?

ಎರಡು ಅಪಾಯ, ಎರಡೂ ಧೂಳಿನವು.

ಮೊದಲನೆಯದು ಶ್ವಾಸಕೋಶ. 10 ಮೈಕ್ರಾನ್ ಕೆಳಗಿನ ಕಣ ಗಂಟಲು ದಾಟುತ್ತದೆ, 2.5 ಮೈಕ್ರಾನ್ ಕೆಳಗಿನದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ನಾವು ಬೇಕೆಂದೇ ತಯಾರಿಸುತ್ತಿರುವುದು ಅದೇ ಗಾತ್ರ. ಬಟ್ಟೆ ಕಟ್ಟಿಕೊಂಡರೆ ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಬೇಕು. ಹೊಟ್ಟಿನ ಇದ್ದಿಲನ್ನು ತೀರಾ ಬಿಸಿಯಲ್ಲಿ ಸುಟ್ಟಿದ್ದರೆ ಸಿಲಿಕಾ ಹರಳುಗಟ್ಟಿರಬಹುದು. ಹರಳು ಸಿಲಿಕಾ ಧೂಳು ಸಿಲಿಕೋಸಿಸ್ ತರುತ್ತದೆ, ಆ ಕಾಯಿಲೆ ವಾಸಿಯಾಗುವುದಿಲ್ಲ. ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಎರಡನೆಯದು ಬೆಂಕಿ. ಗಾಳಿಯಲ್ಲಿ ತೇಲುವ ಇದ್ದಿಲು ಧೂಳು ಘನ ಮೀಟರಿಗೆ ಹತ್ತಾರು ಗ್ರಾಂ ದಾಟಿದರೆ ಕಿಡಿ ತಾಗಿ ಸ್ಫೋಟಿಸಬಹುದು. ತೊಲೆ, ಪೈಪು, ಲೈಟಿನ ಮೇಲೆ ತಿಂಗಳುಗಟ್ಟಲೆ ಕೂತ ಧೂಳು ಒಂದು ಸಣ್ಣ ಸ್ಫೋಟಕ್ಕೆ ಎದ್ದರೆ ದೊಡ್ಡ ಸ್ಫೋಟಕ್ಕೆ ಮದ್ದಾಗುತ್ತದೆ. ಯಂತ್ರ, ಡಬ್ಬ, ಕೊಳವೆ ಎಲ್ಲಕ್ಕೂ ಅರ್ಥಿಂಗ್ ಇರಲಿ. ಕಸಪೊರಕೆಯಿಂದ ಗುಡಿಸಬೇಡಿ, ಗಾಳಿ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲವೇ ಸ್ಫೋಟ ನಿರೋಧಕ ವ್ಯಾಕ್ಯೂಮ್ ಬಳಸಿ.

ಪುಡಿಯನ್ನು ಹೇಗೆ ಇಡಬೇಕು, ಹೇಗೆ ಸಾಗಿಸಬೇಕು?

ಅರೆದ ಕೂಡಲೇ ದೊಡ್ಡ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಡಿ. ಹೊಸ ಕಾರ್ಬನ್ ಆಮ್ಲಜನಕ ಹೀರಿ ಬಿಸಿಯಾಗುತ್ತದೆ, ರಾಶಿಯ ಮಧ್ಯದ ಬಿಸಿ ಹೊರಗೆ ಹೋಗಲಾರದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಲೋಹದ ಸಣ್ಣ ಡಬ್ಬಗಳಲ್ಲಿ ತೆಳುವಾಗಿ ಹರಡಿ, ಕೆಲವು ದಿನ ತಣಿಯಲು ಬಿಟ್ಟು, ಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ. ಬಿಸಿ ಏರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಪ್ಯಾಕ್ ಮಾಡಿ. ಅಂತರರಾಷ್ಟ್ರೀಯ ಸಾಗಣೆಯಲ್ಲಿ ಸಸ್ಯಮೂಲದ ಕಾರ್ಬನ್ ಯುಎನ್ 1361 ಎಂಬ ಸಂಖ್ಯೆಯಡಿ, ತಾನಾಗಿ ಹೊತ್ತಿಕೊಳ್ಳುವ 4.2 ವರ್ಗದಲ್ಲಿ ಬರುತ್ತದೆ. ಹಡಗಿನಲ್ಲಿ ಕಳಿಸುವವರು ಸರಕು ಹೊರಡುವ ಮೊದಲೇ ಸ್ವಯಂ ಬಿಸಿಯೇರುವ ಪರೀಕ್ಷೆ ಮತ್ತು ಕಾಗದಪತ್ರದ ವಿಷಯ ಮಾತಾಡಿಕೊಳ್ಳಬೇಕು.

ಪುಡಿ ನೀರಿನ ಮೇಲೆ ತೇಲುತ್ತದೆ, ಕಲೆಯುವುದೇ ಇಲ್ಲ. ಏನು ಮಾಡಲಿ?

ರಂಧ್ರದೊಳಗಿನ ಗಾಳಿ ಹೊರಬರದೆ ಕಣ ಮುಳುಗುವುದಿಲ್ಲ. ನೀರಿಗೆ ಪುಡಿ ಸುರಿಯಬೇಡಿ. ಮೊದಲು ಪುಡಿಗೆ ಸ್ವಲ್ಪ ಎಥನಾಲ್ ಹಾಕಿ ಮುದ್ದೆ ಮಾಡಿ, ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಕಲಸಿ. ಎಥನಾಲ್ ಬೇಡ ಎನ್ನುವವರು ನೀರಿನಲ್ಲಿ ಹಾಕಿ ಕುದಿಸಬಹುದು, ಅಥವಾ ವ್ಯಾಕ್ಯೂಮಿನಲ್ಲಿ ಇಟ್ಟು ಗಾಳಿ ಎಳೆಯಬಹುದು. ಕಡಿಮೆ ಬಿಸಿಯಲ್ಲಿ ಸುಟ್ಟ ಇದ್ದಿಲಿನ ಮೈಮೇಲೆ ಎಣ್ಣೆಯಂಶ ಇದ್ದರೆ ಮಾತ್ರ ಇಷ್ಟೆಲ್ಲ ಮಾಡಿದರೂ ತೇಲುತ್ತಲೇ ಇರುತ್ತದೆ. ಆಗ ಅದನ್ನು 550–600 ಡಿಗ್ರಿಯಲ್ಲಿ ಗಾಳಿ ಸೋಕದಂತೆ ಇನ್ನೊಮ್ಮೆ ಕಾಸಿ, ತಣಿಸಿ, ಸ್ವಲ್ಪ ಹೊತ್ತು ಮತ್ತೆ ಮಿಲ್‌ಗೆ ಹಾಕಿ ಗಂಟು ಬಿಡಿಸಿಕೊಳ್ಳಿ.